ವಾರಾನ್ನದಿಂದ ವಿದ್ಯಾರ್ಥಿವೇತನದವರೆಗೆ

ಕಾಲೇಜುಗಳು ತೆರೆಯುವ ದಿನಗಳಲ್ಲಿ ನಮ್ಮ ಊರುಗಳ ಬಸ್ ನಿಲ್ದಾಣಗಳಲ್ಲಿ ಕಾಣಸಿಗುವ ಒಂದು ದೃಶ್ಯವಿದೆ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಸೂಟ್‌ಕೇಸು, ಜೊತೆಗೆ ತಾಯಿ ಕಟ್ಟಿಕೊಟ್ಟ ಉಪ್ಪಿನಕಾಯಿ ಡಬ್ಬಿ. ಮಗನೋ ಮಗಳೋ ಪದವಿ ಓದಲು ಮೈಸೂರಿಗೆ, ಧಾರವಾಡಕ್ಕೆ, ಕಲಬುರಗಿಗೆ ಅಥವಾ ಬೆಂಗಳೂರಿಗೆ ಹೊರಟಿದ್ದಾರೆ. ಬಸ್ಸು ಹೊರಡುವ ಮುನ್ನ ತಂದೆ ಕಿಸೆಯಿಂದ ತೆಗೆದುಕೊಡುವ ನೋಟುಗಳನ್ನು ಮಕ್ಕಳು ಅಲ್ಲೇ ಎಣಿಸುವುದಿಲ್ಲ. ಎಣಿಸುವುದು ಬಸ್ಸು ತಿರುವು ದಾಟಿದ ಮೇಲೆ. ಅಲ್ಲಿಂದ ವಾರದ ಲೆಕ್ಕ ಶುರುವಾಗುತ್ತದೆ. ಕೋಣೆ ಬಾಡಿಗೆಯ ಪಾಲು ಎಷ್ಟು, ಮೆಸ್ಸಿಗೆ ಎಷ್ಟು, ಬಸ್ಸಿಗೆ ಎಷ್ಟು, ಜೆರಾಕ್ಸಿಗೆ ಎಷ್ಟು, ಮೊಬೈಲ್ ರೀಚಾರ್ಜಿಗೆ ಎಷ್ಟು? ಶನಿವಾರ ಬರುವಷ್ಟರಲ್ಲಿ ಕೈ ಬರಿದಾದರೆ ಯಾವುದನ್ನು ಬಿಡಬೇಕು? ಹೆಚ್ಚಿನವರು ಮೊದಲು ಬಿಡುವುದು ಬೆಳಗಿನ ತಿಂಡಿಯನ್ನು.

ಇಂತಹ ವಿದ್ಯಾರ್ಥಿಗಳಿಗೆ ನಾವು ಹಿರಿಯರು ಸಾಮಾನ್ಯವಾಗಿ ಕೊಡುವುದು ಉಪದೇಶ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ದುಂದುವೆಚ್ಚ ಮಾಡಬಾರದು, ಖರ್ಚನ್ನು ಬರೆದಿಡಬೇಕು. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಬೇರೊಂದು ಪ್ರಶ್ನೆ ಎದ್ದುಬರುತ್ತದೆ. ಲೆಕ್ಕ ಹಾಕಬೇಕಾದರೆ ಮೊದಲು ಒಂದು ಖಚಿತವಾದ ಮೊತ್ತ ಕೈಯಲ್ಲಿರಬೇಕು. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದೇ ತಿಳಿಯದವನು ಯಾವ ಲೆಕ್ಕ ಬರೆದಾನು? ಬಡ ವಿದ್ಯಾರ್ಥಿಗೆ ಆ ಖಚಿತತೆಯನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ? ಈ ಪ್ರಶ್ನೆಯ ಬೆನ್ನುಹತ್ತಿ ಹೋದರೆ ನಮ್ಮ ಸಮಾಜದಲ್ಲಿ ವಿದ್ಯೆ ಯಾರ ಪಾಲಾಯಿತು ಎಂಬುದೂ ತಿಳಿಯುತ್ತದೆ.

ಏಳು ದಿನ, ಏಳು ಮನೆ

ಕನ್ನಡದಲ್ಲಿ ‘ವಾರಾನ್ನ’ ಎಂಬ ಪದವೊಂದಿದೆ. ಇಂದಿನ ವಿದ್ಯಾರ್ಥಿಗಳಿಗೆ ಅದರ ಅರ್ಥವನ್ನು ವಿವರಿಸಿ ಹೇಳಬೇಕಾದೀತು. ಹಳ್ಳಿಯಿಂದ ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಬುಧವಾರ ದೂರದ ನೆಂಟರ ಮನೆ, ಹೀಗೆ ದಿನಕ್ಕೊಂದು ಮನೆಯ ಊಟ. ಪ್ರತಿ ಮನೆಗೂ ವಾರಕ್ಕೊಮ್ಮೆ ಮಾತ್ರ ಹೊರೆ, ಹುಡುಗನಿಗೆ ವಾರವಿಡೀ ಅನ್ನ. ನೂರಾರು ವರ್ಷಗಳಿಂದ ಬಂದಿದ್ದ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೂ ಆಸರೆಯಾಯಿತು. ಮೈಸೂರು ಸೀಮೆಯಲ್ಲಿ ಮುಂದೆ ಅಧಿಕಾರಿಗಳೂ ಅಧ್ಯಾಪಕರೂ ಲೇಖಕರೂ ಆದ ಅನೇಕರ ಎಳವೆ ಈ ಅನ್ನದಿಂದ ಬೆಳೆದದ್ದು.

ಈ ವ್ಯವಸ್ಥೆಯ ಹಿಂದಿದ್ದ ಔದಾರ್ಯವನ್ನು ನಾವು ಕಡೆಗಣಿಸಲಾಗದು. ತಮಗೇ ಕಷ್ಟವಿದ್ದ ಮನೆಗಳೂ ವಾರದ ಹುಡುಗನಿಗೆ ಎಲೆ ಹಾಕಿದ್ದಿದೆ. ಆದರೆ ಆ ಹುಡುಗನ ಕಡೆಯಿಂದ ನೋಡೋಣ. ಏಳರ ಬದಲು ಐದೇ ಮನೆ ಸಿಕ್ಕರೆ ಎರಡು ದಿನ ಹಸಿವು. ಮನೆಯ ಯಜಮಾನರಿಗೆ ವರ್ಗವಾದರೆ ಆ ದಿನ ಖಾಲಿ. ಮನೆಯಲ್ಲಿ ಸೂತಕ ಬಂದರೆ ಆ ವಾರದ ಊಟಕ್ಕೆ ಕುತ್ತು. ಮನೆಯಾಕೆಯ ಮುಖ ನೋಡಿಕೊಂಡು, ಇನ್ನೊಂದು ತುತ್ತು ಬೇಕೆನಿಸಿದರೂ ಸಾಕು ಎಂದು ಏಳಬೇಕು. ಹಣದ ಲೆಕ್ಕಕ್ಕೆ ಬದಲಾಗಿ ಅವನು ಹಾಕುತ್ತಿದ್ದದ್ದು ಬಾಗಿಲುಗಳ ಲೆಕ್ಕ. ಎಸ್.ಎಲ್. ಭೈರಪ್ಪನವರು ‘ಭಿತ್ತಿ’ಯಲ್ಲಿ ತಮ್ಮ ವಿದ್ಯಾರ್ಥಿ ದೆಸೆಯ ಹಸಿವನ್ನೂ ಪರರ ಮನೆಯ ಅನ್ನವನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರ ವಿಚಾರಗಳೊಂದಿಗೆ ನಮಗೆ ಅನೇಕ ಭಿನ್ನಾಭಿಪ್ರಾಯಗಳಿವೆ. ಆದರೆ ಆ ಪುಟಗಳಲ್ಲಿ ಕಾಣುವ ಹಸಿದ ಹುಡುಗ ನಮ್ಮವನೇ.

ವಾರಾನ್ನಕ್ಕೆ ಒಂದು ಕಟ್ಟುನಿಟ್ಟಾದ ಗಡಿಯಿತ್ತು. ಅದು ಜಾತಿಯ ಗಡಿ. ಪಂಕ್ತಿಯಲ್ಲಿ ಕೂತು ಉಣ್ಣಬಲ್ಲವನಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಪಟ್ಟಣದಲ್ಲಿ ಉದ್ಯೋಗ, ವಕೀಲಿ, ಸ್ವಂತ ಮನೆ ಇದ್ದ ಜಾತಿಗಳ ಬಡ ಹುಡುಗನಿಗೆ ಏಳು ಮನೆ ಸಿಗುತ್ತಿದ್ದವು. ಹಳ್ಳಿಯ ಒಕ್ಕಲಿಗನ ಮಗನಿಗೆ, ನೇಕಾರನ ಮಗನಿಗೆ ಅಷ್ಟು ಸುಲಭವಿರಲಿಲ್ಲ. ದಲಿತ ಹುಡುಗನಿಗೆ ಒಂದು ಮನೆಯೂ ಇರಲಿಲ್ಲ. ‘ಬಡತನದಲ್ಲೂ ಓದಿ ಮುಂದೆ ಬಂದರು’ ಎಂದು ನಾವು ಹಿರಿಯರನ್ನು ಕೊಂಡಾಡುವಾಗ ಇದನ್ನೂ ನೆನಪಿಡಬೇಕು. ಆ ಬಡತನದ ಬೆನ್ನಿಗೆ ಏಳು ಬಾಗಿಲುಗಳಿದ್ದವು. ಬಾಗಿಲೇ ಇಲ್ಲದ ಬಡತನದ ಹೆಸರುಗಳು ಕಾಲೇಜಿನ ಹಾಜರಿ ಪುಸ್ತಕವನ್ನು ತಲುಪಲೇ ಇಲ್ಲ.

ಮದೀನದ ಜಗಲಿ, ಕರಾವಳಿಯ ದರ್ಸ್

ಮುಸ್ಲಿಮರಲ್ಲೂ ಇದಕ್ಕೆ ಹತ್ತಿರದ ಪರಂಪರೆಯಿದೆ. ಅದರ ಮೂಲ ಪ್ರವಾದಿ(ಸ)ಯವರ ಮಸೀದಿಯವರೆಗೂ ಹೋಗುತ್ತದೆ. ಮದೀನದ ಮಸೀದಿಗೆ ತಾಗಿ ನೆರಳಿನ ಜಗಲಿಯೊಂದಿತ್ತು. ಅದೇ ಸುಫ್ಫ. ಮನೆಮಠವಿಲ್ಲದ ಬಡ ಅನುಯಾಯಿಗಳು ಅಲ್ಲಿ ತಂಗಿ ಪ್ರವಾದಿಯವರಿಂದ ಕಲಿಯುತ್ತಿದ್ದರು. ಇಬ್ಬರ ಊಟವಿರುವ ಮನೆಯವರು ಸುಫ್ಫದಿಂದ ಮೂರನೆಯವನೊಬ್ಬನನ್ನು ಕರೆದೊಯ್ಯಬೇಕೆಂದು ಪ್ರವಾದಿಯವರು ಹೇಳುತ್ತಿದ್ದುದಾಗಿ ಹದೀಸ್ ಗ್ರಂಥಗಳಲ್ಲಿದೆ. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಅಬೂಹುರೈರಾ(ರ) ಆ ಜಗಲಿಯ ನಿವಾಸಿ. ಹಸಿವು ತಾಳಲಾರದೆ ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ದಾರಿಯಲ್ಲಿ ಕೂರುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಇಸ್ಲಾಮೀ ಜ್ಞಾನ ಪರಂಪರೆಯ ದೊಡ್ಡದೊಂದು ಪಾಲು ನಮಗೆ ಹಸಿದ ವಿದ್ಯಾರ್ಥಿಯೊಬ್ಬನ ಮೂಲಕ ತಲುಪಿದೆ ಎಂಬುದು ಸಣ್ಣ ವಿಷಯವಲ್ಲ.

ಅರಬಿ ಕಡಲಿನ ಈ ದಡದಲ್ಲಿ, ಕೇರಳದ ಪೊನ್ನಾನಿಯಲ್ಲಿ ಹದಿನಾರನೆಯ ಶತಮಾನದಲ್ಲಿ ಮಖ್ದೂಮರು ದೊಡ್ಡದೊಂದು ದರ್ಸನ್ನು ಬೆಳೆಸಿದರು. ಮಸೀದಿಯ ದೀಪದ ಸುತ್ತ ಕುಳಿತು ಓದಲು ದೂರದೂರದ ವಿದ್ಯಾರ್ಥಿಗಳು ಬರುತ್ತಿದ್ದರು. ಅದೇ ಮಾದರಿಯ ದರ್ಸ್‌ಗಳು ದಕ್ಷಿಣ ಕನ್ನಡದ ಮಸೀದಿಗಳಲ್ಲೂ ನಡೆದುಬಂದವು. ಅಲ್ಲಿ ಕಲಿಯುವ ಮುತಅಲ್ಲಿಮರ ಊಟ ಜಮಾಅತಿನ ಮನೆಗಳಲ್ಲಿ. ಒಬ್ಬೊಬ್ಬ ವಿದ್ಯಾರ್ಥಿಯನ್ನು ಒಂದೊಂದು ಮನೆ ವಹಿಸಿಕೊಳ್ಳುತ್ತಿತ್ತು. ಉತ್ತರ ಭಾರತದ ದೇವಬಂದ್‌ನಲ್ಲಿ 1866ರಲ್ಲಿ ದಾರುಲ್ ಉಲೂಮ್ ಆರಂಭವಾದಾಗಲೂ ಪರ ಊರಿನ ವಿದ್ಯಾರ್ಥಿಗಳ ಅನ್ನದ ಹೊರೆಯನ್ನು ಊರ ಮನೆಗಳು ಹೊತ್ತವು. ಸಂಸ್ಥಾಪಕರಲ್ಲೊಬ್ಬರಾದ ಮೌಲಾನಾ ಕಾಸಿಂ ನಾನೂತವಿಯವರು ಸಂಸ್ಥೆಗಾಗಿ ಬರೆದಿಟ್ಟ ಎಂಟು ನಿಯಮಗಳಲ್ಲಿ ವಿದ್ಯಾರ್ಥಿಗಳ ಊಟದ ಏರ್ಪಾಡು ನಿಲ್ಲದೆ ನಡೆಯಬೇಕೆಂಬುದೂ ಒಂದು.

ಇದು ನಮ್ಮ ಹೆಮ್ಮೆಯ ಪರಂಪರೆ. ಆದರೆ ವಾರಾನ್ನದ ಗಡಿಯನ್ನು ಎತ್ತಿ ತೋರಿಸಿದ ನಾವು ನಮ್ಮ ಗಡಿಯನ್ನು ಮರೆಮಾಚಬಾರದು. ದರ್ಸಿನ ವಿದ್ಯಾರ್ಥಿಗೆ ತೆರೆದುಕೊಂಡ ಬಾಗಿಲು, ಅದೇ ಊರಿಗೆ ಬಿ.ಎ. ಓದಲು ಬಂದ ಬಡ ಮುಸ್ಲಿಂ ಹುಡುಗನಿಗೆ ಬಹಳ ಕಾಲ ಅಷ್ಟು ಸಲೀಸಾಗಿ ತೆರೆಯಲಿಲ್ಲ. ಧಾರ್ಮಿಕ ವಿದ್ಯೆಗೆ ಉಣಿಸುವುದು ಪುಣ್ಯ, ಲೌಕಿಕ ವಿದ್ಯೆಗೆ ಉಣಿಸುವುದು ಅವನವನ ಪಾಡು ಎಂಬ ಭಾವನೆ ನಮ್ಮಲ್ಲಿ ಬೇರೂರಿತು. ಮಾಪಿಳ್ಳೆ, ಬ್ಯಾರಿ, ದಖ್ಖನಿ ಎಲ್ಲ ಸಮುದಾಯಗಳೂ ಅದಕ್ಕೆ ಬೆಲೆ ತೆತ್ತವು.

ತಿಂಗಳಿಗೊಂದು ದೀನಾರ್

ಮನೆ ಮನೆಯ ಊಟಕ್ಕಿಂತ ಭಿನ್ನವಾದ ದಾರಿಯನ್ನು ನೋಡಲು ನಾವು ಹಳೆಯ ಖುರಾಸಾನ್ ಮತ್ತು ಬಗ್ದಾದಿಗೆ ಹೋಗಬೇಕು. ಇಮಾಮ್ ಗಝ್ಝಾಲಿ(ರ) 1058ರಲ್ಲಿ ತೂಸ್‌ನಲ್ಲಿ ಹುಟ್ಟಿದರು. ತಂದೆ ಉಣ್ಣೆ ನೂಲುವ ಬಡವ. ಸಾಯುವ ಮುನ್ನ ತನ್ನ ಇಬ್ಬರು ಗಂಡುಮಕ್ಕಳನ್ನೂ ಒಂದಿಷ್ಟು ಹಣವನ್ನೂ ಸೂಫಿ ಗೆಳೆಯನೊಬ್ಬನಿಗೆ ಒಪ್ಪಿಸಿ, ಇವರಿಗೆ ವಿದ್ಯೆ ಕಲಿಸು ಎಂದು ಕೇಳಿಕೊಂಡರಂತೆ. ಹಣ ಮುಗಿಯಿತು. ಆ ಗೆಳೆಯನೂ ಬಡವನೇ. ಮಕ್ಕಳನ್ನು ಕರೆದು, ನೀವು ಮದ್ರಸಕ್ಕೆ ಸೇರಿಕೊಳ್ಳಿ, ಅಲ್ಲಿ ವಿದ್ಯಾರ್ಥಿಗಳಿಗೆ ಊಟ ಸಿಗುತ್ತದೆ ಎಂದು ಕಳಿಸಿದ. ಲೋಕವೇ ಕೊಂಡಾಡಿದ ಆ ವಿದ್ವಾಂಸ ಮೊದಲು ಮದ್ರಸದ ಮೆಟ್ಟಿಲು ಹತ್ತಿದ್ದು ಊಟಕ್ಕಾಗಿ ಎಂಬುದನ್ನು ಅವರ ಜೀವನಚರಿತ್ರೆ ಬರೆದವರು ಅಳುಕಿಲ್ಲದೆ ದಾಖಲಿಸಿದ್ದಾರೆ. ಆ ಊಟ ಇಲ್ಲದಿದ್ದರೆ ‘ಇಹ್ಯಾ ಉಲೂಮಿದ್ದೀನ್’ ಇರುತ್ತಿತ್ತೇ?

ಆ ಊಟ ಬರುತ್ತಿದ್ದದ್ದು ವಕ್ಫ್‌ನಿಂದ. ಹೊಲ, ತೋಟ, ಅಂಗಡಿ ಮಳಿಗೆಗಳ ಆದಾಯವನ್ನು ಶಾಶ್ವತವಾಗಿ ಮದ್ರಸಕ್ಕೆ ಬಿಟ್ಟುಕೊಟ್ಟು, ಆ ಆದಾಯ ಹೇಗೆ ಖರ್ಚಾಗಬೇಕೆಂದು ಬರೆದಿಡುವ ಏರ್ಪಾಡು ಅದು. ಇದರ ಭವ್ಯ ರೂಪವೊಂದು ಬಗ್ದಾದಿನ ಮುಸ್ತನ್ಸಿರಿಯ್ಯ. ಖಲೀಫ ಮುಸ್ತನ್ಸಿರ್ ಟೈಗ್ರಿಸ್ ನದಿಯ ದಡದಲ್ಲಿ ಕಟ್ಟಿಸಿದ ಈ ವಿದ್ಯಾಕೇಂದ್ರ 1234ರಲ್ಲಿ ಆರಂಭವಾಯಿತು. ನಾಲ್ಕು ಮದ್‌ಹಬ್‌ಗಳಿಗೂ ತಲಾ 62ರಂತೆ 248 ವಿದ್ಯಾರ್ಥಿಗಳು. ಅವರಿಗೆ ಊಟ, ವಸತಿ. ಅದರ ಮೇಲೆ ತಿಂಗಳಿಗೆ ಒಂದು ದೀನಾರ್. ಗ್ರಂಥಾಲಯ, ಸ್ನಾನಗೃಹ, ಆಸ್ಪತ್ರೆ ಕೂಡ ಜೊತೆಗಿದ್ದವು. 1258ರಲ್ಲಿ ಮಂಗೋಲರು ಬಗ್ದಾದನ್ನು ಸುಟ್ಟ ಮೇಲೂ ಸಂಸ್ಥೆ ಉಳಿಯಿತು. 1327ರಲ್ಲಿ ಇಬ್ನ್ ಬತೂತ ಅದನ್ನು ಕಂಡು ಬರೆದಿದ್ದಾನೆ.

ಆ ಒಂದು ದೀನಾರನ್ನು ನಾವು ಗಮನವಿಟ್ಟು ನೋಡಬೇಕು. ಊಟ ಕೊಟ್ಟ ಮೇಲೆ ಹಣವೇಕೆ? ಹಣ ಕೈಗೆ ಬಂದಾಗ ವಿದ್ಯಾರ್ಥಿಯು ಅತಿಥಿಯಾಗಿ ಉಳಿಯದೆ ತನ್ನ ಬದುಕಿನ ಯಜಮಾನನಾಗುತ್ತಾನೆ. ಕಾಗದ ಕೊಳ್ಳಬೇಕೇ, ಬಟ್ಟೆ ಹೊಲಿಸಬೇಕೇ, ಊರಿಗೆ ಕಳಿಸಬೇಕೇ ಎಂದು ಅವನೇ ತೀರ್ಮಾನಿಸುತ್ತಾನೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ. ವಾರಾನ್ನಕ್ಕೂ ವಿದ್ಯಾರ್ಥಿವೇತನಕ್ಕೂ ಇರುವ ಅಂತರ ಇದೇ. ಮೊದಲನೆಯದು ದಯೆ, ಎರಡನೆಯದು ಹಕ್ಕು. ದಯೆಯಿಂದ ಹೊಟ್ಟೆ ತುಂಬಬಹುದು. ಆದರೆ ನಾಳೆಯ ಲೆಕ್ಕ ಹಾಕಲು ಹಕ್ಕು ಬೇಕು.

ಹಕ್ಕಿದ್ದರೂ ಅದರ ಗುಣಮಟ್ಟ ಕೆಡಬಹುದು ಎಂಬುದಕ್ಕೆ ಕೈರೋದ ಅಝ್‌ಹರ್ ಸಾಕ್ಷಿ. ಹತ್ತನೆಯ ಶತಮಾನದಲ್ಲಿ ಸ್ಥಾಪನೆಯಾದ ಆ ಪ್ರಾಚೀನ ವಿದ್ಯಾಕೇಂದ್ರದಲ್ಲಿ ವಿದ್ಯಾರ್ಥಿಗಳಿಗೆ ರೊಟ್ಟಿಯ ಪಡಿ ಸಿಗುತ್ತಿತ್ತು. ಈಜಿಪ್ಟಿನ ಹಳ್ಳಿಯೊಂದರಿಂದ 1902ರಲ್ಲಿ ಅಲ್ಲಿಗೆ ಸೇರಿದ ಅಂಧ ಬಾಲಕ ತಾಹಾ ಹುಸೈನ್ ತಮ್ಮ ಆತ್ಮಕಥೆ ‘ಅಲ್ ಅಯ್ಯಾಮ್’ನ ಮೊದಲ ಭಾಗದ ಕೊನೆಯಲ್ಲಿ ಮಗಳಿಗೆ ಆ ದಿನಗಳನ್ನು ಹೇಳುತ್ತಾರೆ. ವಾರಗಟ್ಟಲೆ ಅಝ್‌ಹರಿನ ರೊಟ್ಟಿಯೊಂದೇ ಆಹಾರ. ಅದರಲ್ಲಿ ಹುಲ್ಲುಕಡ್ಡಿ, ಕಲ್ಲು, ಹುಳ. ನೆಂಚಿಕೊಳ್ಳಲು ಕಪ್ಪು ಕಾಕಂಬಿ. ರಜೆಯಲ್ಲಿ ಊರಿಗೆ ಹೋದಾಗ ತಂದೆತಾಯಿ, ಊಟ ಹೇಗಿದೆ ಮಗನೇ ಎಂದು ಕೇಳಿದರೆ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತಿದ್ದರಂತೆ. ಮನೆಯವರ ಮನಸ್ಸಿಗೆ ನೋವಾಗದಿರಲಿ ಎಂದು ಹೇಳುವ ಈ ಸುಳ್ಳನ್ನು ಹಾಸ್ಟೆಲಿನಲ್ಲಿ ಓದಿದ ಯಾರು ಹೇಳಿಲ್ಲ? ಅದೇ ತಾಹಾ ಹುಸೈನ್ 1950ರಲ್ಲಿ ಈಜಿಪ್ಟಿನ ಶಿಕ್ಷಣ ಮಂತ್ರಿಯಾದರು. ಶಿಕ್ಷಣವು ನೀರು ಗಾಳಿಯಂತೆ ಎಲ್ಲರದ್ದಾಗಬೇಕೆಂದು ವಾದಿಸಿ ಪ್ರೌಢಶಿಕ್ಷಣವನ್ನು ಉಚಿತಗೊಳಿಸಿದರು. ಹುಳುಹಿಡಿದ ರೊಟ್ಟಿಯನ್ನು ಅವರು ಮರೆತಿರಲಿಲ್ಲ.

ಹಪ್ಪಳ ಸುಟ್ಟು ತಿಂದವರು

ಬಾಗಿಲೇ ಇಲ್ಲದ ಬಡತನದ ಮಾತನ್ನು ಮೇಲೆ ಆಡಿದೆವು. ಅಂತಹ ಕಡೆಯಿಂದ ಬಂದು ಓದಿದ ಡಾ. ಬಿ.ಆರ್. ಅಂಬೇಡ್ಕರ್ ಅವರ ವಿದ್ಯಾರ್ಥಿ ಬದುಕಿನ ಲೆಕ್ಕವನ್ನು ನೋಡೋಣ. ಬರೋಡದ ಮಹಾರಾಜರು 1913ರಲ್ಲಿ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ವಿದ್ಯಾರ್ಥಿವೇತನ ಕೊಟ್ಟರು. ಅವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಆ ಮೊತ್ತದಲ್ಲೇ ಊಟ, ಬಾಡಿಗೆ, ಪುಸ್ತಕ. ಅದರಲ್ಲೇ ಉಳಿಸಿ ಮುಂಬಯಿಯ ಮನೆಗೂ ಕಳಿಸಬೇಕು. ಮುಂದೆ ಲಂಡನ್ನಿಗೆ ಹೋಗಿ ಓದು ಆರಂಭಿಸಿದರು. ಆದರೆ 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಬುದ್ಧಿಗೆ, ಶ್ರಮಕ್ಕೆ ಯಾವ ಕೊರತೆಯೂ ಇಲ್ಲದ ಮನುಷ್ಯ ಓದನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಬೇಕಾಯಿತು.

ಮತ್ತೆ ಲಂಡನ್ನಿಗೆ ಹೋಗಲು ಮೂರು ವರ್ಷ ಹಿಡಿಯಿತು. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ 1918ರಿಂದ 1920ರವರೆಗೆ ಪಾಠ ಹೇಳಿ ಹಣ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು. ಪಾರ್ಸಿ ಗೆಳೆಯ ನವಲ್ ಭಾಥೇನ ಐದು ಸಾವಿರ ರೂಪಾಯಿ ಸಾಲ ಕೊಟ್ಟರು. ಲಂಡನ್ನಿನ ವಸತಿಗೃಹದಲ್ಲಿ ಬೆಳಿಗ್ಗೆ ತೆಳುವಾದ ಬ್ರೆಡ್ಡಿನ ಹೋಳು ಮತ್ತು ಚಹ, ಹಗಲಿಡೀ ಗ್ರಂಥಾಲಯ, ರಾತ್ರಿ ಹಸಿವಾದಾಗ ಪರಿಚಯಸ್ಥರೊಬ್ಬರು ಕೊಟ್ಟಿದ್ದ ಹಪ್ಪಳವನ್ನು ಸುಟ್ಟು ತಿನ್ನುವುದು. ಹೀಗೆ ದಿನ ಕಳೆದ ವಿದ್ಯಾರ್ಥಿ ಬರೆದ ಪ್ರಬಂಧ ಯಾವುದು ಗೊತ್ತೇ? ‘ರೂಪಾಯಿಯ ಸಮಸ್ಯೆ’. 1923ರಲ್ಲಿ ಅದು ಪುಸ್ತಕವಾಗಿ ಹೊರಬಂತು. ದೇಶದ ನಾಣ್ಯ ವ್ಯವಸ್ಥೆಯನ್ನು ವಿಶ್ಲೇಷಿಸಿದ ವಿದ್ವಾಂಸ ತನ್ನ ಕಿಸೆಯ ಪ್ರತಿ ಕಾಸನ್ನೂ ಎಣಿಸಿಯೇ ಆ ಕೆಲಸ ಮುಗಿಸಿದ್ದು.

ಇಲ್ಲಿ ಮಿತವ್ಯಯದ ಪಾಠವಷ್ಟೇ ಕಂಡರೆ ನಾವು ಅರ್ಧ ಓದಿದಂತೆ. ಅಂಬೇಡ್ಕರರಂತಹ ಮಿತವ್ಯಯಿಯ ಓದು ಕೂಡ ಹಣ ನಿಂತಾಗ ನಿಂತಿತು. ಮಿತವ್ಯಯ ಎಂಬುದು ಇರುವ ಹಣವನ್ನು ಹಿಗ್ಗಿಸಬಲ್ಲದು, ಇಲ್ಲದ ಹಣವನ್ನು ಹುಟ್ಟಿಸಲಾರದು.

ಏಳು ಮನೆ ಒಂದು ಅಡುಗೆಮನೆಯಾದಾಗ

ಅಂಬೇಡ್ಕರರಿಗೆ ನೆರವಾದ ಶಾಹೂ ಮಹಾರಾಜರು ಅಷ್ಟರಲ್ಲಾಗಲೇ ತಮ್ಮ ಸಂಸ್ಥಾನದಲ್ಲಿ ಒಂದು ಸತ್ಯವನ್ನು ಕಂಡುಕೊಂಡಿದ್ದರು. ಶಾಲೆ ತೆರೆದರೆ ಸಾಲದು, ಹಳ್ಳಿಯ ಹುಡುಗ ಪಟ್ಟಣದಲ್ಲಿ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬುದೇ ಶಿಕ್ಷಣದ ಮೊದಲ ಪ್ರಶ್ನೆ. ಕೊಲ್ಹಾಪುರದಲ್ಲಿ 1901ರಿಂದ ಆರಂಭಿಸಿ ಒಂದೊಂದೇ ಸಮುದಾಯಕ್ಕೆ ವಿದ್ಯಾರ್ಥಿನಿಲಯಗಳು ಎದ್ದವು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ. 1906ರಲ್ಲಿ ಮುಸ್ಲಿಂ ಬೋರ್ಡಿಂಗ್, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗಾಗಿ ಮಿಸ್ ಕ್ಲಾರ್ಕ್ ವಿದ್ಯಾರ್ಥಿನಿಲಯ. ಮುಸ್ಲಿಂ ಶಿಕ್ಷಣ ಸಮಿತಿಯ ಅಧ್ಯಕ್ಷತೆಯನ್ನು ಮಹಾರಾಜರು ತಾವೇ ವಹಿಸಿಕೊಂಡರು. ಒಂದೇ ಪಂಕ್ತಿಯಲ್ಲಿ ಉಣ್ಣಲೊಪ್ಪದ ಸಮಾಜದಲ್ಲಿ ಬೇರೆ ಬೇರೆ ಪಂಕ್ತಿಗಳನ್ನಾದರೂ ಹಾಕಿ ಎಲ್ಲರನ್ನೂ ಓದಿಗೆ ಕೂರಿಸಿದ ದಾರಿ ಅದು.

ಮೈಸೂರಿನಲ್ಲಿ ವಿಶ್ವವಿದ್ಯಾಲಯ 1916ರಲ್ಲಿ ಆರಂಭವಾಯಿತು. ಎರಡೇ ವರ್ಷಗಳಲ್ಲಿ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಮರುವರ್ಷ ವರದಿ ಕೊಟ್ಟ ಆ ಸಮಿತಿ ಮುಸ್ಲಿಮರೂ ಸೇರಿದಂತೆ ಬ್ರಾಹ್ಮಣೇತರ ಸಮುದಾಯಗಳನ್ನು ಹಿಂದುಳಿದವುಗಳೆಂದು ಗುರುತಿಸಿತು. ನೌಕರಿಯಲ್ಲಿ ಪಾಲಿನ ಜೊತೆಗೆ ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳ ಅಗತ್ಯವನ್ನೂ ಹೇಳಿತು. ಇದೇ ಹೊತ್ತಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ಮೀಸಲಾತಿಯ ವಿಚಾರದಲ್ಲಿನ ಭಿನ್ನಾಭಿಪ್ರಾಯವೂ ಒಂದು ಕಾರಣವಾಗಿ ದಿವಾನ ಪದವಿಯನ್ನು ಬಿಟ್ಟರು. ಬೆಂಗಳೂರಿನಲ್ಲಿ ಕೊಡವ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ನಿಭಾಯಿಸಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು ಅವರು. ತಾನು ದುಡಿದು ಓದಿದಂತೆ ಎಲ್ಲರೂ ಓದಬಲ್ಲರು ಎಂದು ಅಂಥವರಿಗೆ ಅನಿಸುವುದು ಸಹಜ. ಆದರೆ ಮನೆಪಾಠ ಹೇಳಲು ಮನೆಯೊಳಗೆ ಬಿಟ್ಟುಕೊಳ್ಳುವವರು ಬೇಕಲ್ಲವೇ? ಅಸ್ಪೃಶ್ಯನ ಮಗನಿಗೆ ಆ ದುಡಿಮೆಯ ಬಾಗಿಲೂ ಮುಚ್ಚಿತ್ತು.

ಸರಕಾರದ ಜೊತೆಗೆ ಮಠಗಳೂ ಕೈಜೋಡಿಸಿದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಉತ್ತರ ಕರ್ನಾಟಕದ ಎಷ್ಟೋ ತಲೆಮಾರುಗಳಿಗೆ ಅನ್ನ ಕೊಟ್ಟಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ನೀಡಿದರು. ಆ ಪಂಕ್ತಿಯಲ್ಲಿ ಮುಸ್ಲಿಂ ಮಕ್ಕಳೂ ಕುಳಿತು ಉಂಡಿದ್ದಾರೆ. 1970ರ ದಶಕದಲ್ಲಿ ದೇವರಾಜ ಅರಸರ ಆಡಳಿತ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳಿಗೆ ಒತ್ತುಕೊಟ್ಟಿತು. ಇಂದು ಕರ್ನಾಟಕದ ಕಚೇರಿಗಳಲ್ಲಿ, ತರಗತಿಗಳಲ್ಲಿ, ಸಾಹಿತ್ಯದಲ್ಲಿ ಕಾಣುವ ಹೊಸ ಮುಖಗಳ ಹಿಂದೆ ಆ ಹಾಸ್ಟೆಲುಗಳ ತಿಳಿಸಾರು ಅನ್ನವಿದೆ.

ಮುಸ್ಲಿಮರ ಪ್ರಯತ್ನಗಳಲ್ಲಿ ಅಲಿಗಢದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಲೇಬೇಕು. ಸರ್ ಸಯ್ಯಿದ್ ಅಹ್ಮದ್ ಖಾನ್ ಸ್ಥಾಪಿಸಿದ ಕಾಲೇಜಿನಲ್ಲಿ 1890ರಲ್ಲಿ ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್ ಅವರ ಮುಂದಾಳುತನದಲ್ಲಿ ‘ಡ್ಯೂಟಿ ಸೊಸೈಟಿ’ ಎಂಬ ಸಂಘ ಹುಟ್ಟಿತು. ಉಳ್ಳವರ ಮಕ್ಕಳೇ ಹೆಚ್ಚಾಗಿದ್ದ ಕಾಲೇಜಿನಲ್ಲಿ ಬಡ ವಿದ್ಯಾರ್ಥಿಗಳ ಖರ್ಚಿಗಾಗಿ ವಿದ್ಯಾರ್ಥಿಗಳೇ ರಜೆಯಲ್ಲಿ ಊರೂರು ತಿರುಗಿ ಹಣ ಸಂಗ್ರಹಿಸಿದರು. ಸಂಘಕ್ಕಿಟ್ಟ ಹೆಸರೇ ಅದರ ಧೋರಣೆಯನ್ನು ಹೇಳುತ್ತದೆ. ಅದು ಉಪಕಾರವಲ್ಲ, ಕರ್ತವ್ಯ. ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಕಟ್ಟಿದ ಅಲ್ ಅಮೀನ್ ಸಂಸ್ಥೆಯಂತಹ ಪ್ರಯತ್ನಗಳು ಕಾಲೇಜುಗಳನ್ನು ಕೊಟ್ಟವು. ಆದರೆ ಪಟ್ಟಣ ಪಟ್ಟಣಗಳಲ್ಲಿ ಬಡ ಮುಸ್ಲಿಂ ವಿದ್ಯಾರ್ಥಿಗೆ ಊಟ, ವಸತಿ ಎಂಬ ಕೆಲಸ ನಮ್ಮಲ್ಲಿ ಇನ್ನೂ ಅಷ್ಟಕ್ಕಷ್ಟೆ.

ಇಂದಿನ ವಾರದ ಲೆಕ್ಕ

ಈಗ ಇಂದಿನ ಲೆಕ್ಕಕ್ಕೆ ಬರೋಣ. ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಕರ್ನಾಟಕ ಸರಕಾರ 2013-14ರಲ್ಲಿ ‘ವಿದ್ಯಾಸಿರಿ’ ಯೋಜನೆ ತಂದಿತು. ಆರಂಭದಲ್ಲಿ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು. ದಿನಕ್ಕೆ 50, ವಾರಕ್ಕೆ 350 ರೂಪಾಯಿ ಆಯಿತು. ಮೂರು ಹೊತ್ತಿನ ಊಟ ಮತ್ತು ತಲೆಯ ಮೇಲೊಂದು ಸೂರು ಇಷ್ಟರಲ್ಲೇ ಆಗಬೇಕು. 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಆರಂಭವಾದಾಗ ತಿಂಡಿಗೆ 5, ಎರಡು ಊಟಕ್ಕೆ ತಲಾ 10 ರೂಪಾಯಿ. ಆ ದರದಲ್ಲಿ ಮೂರೂ ಹೊತ್ತು ಉಂಡರೆ ವಾರಕ್ಕೆ 175 ರೂಪಾಯಿ. ಅಂದರೆ ಅಂತಹ ಒಂದು ಅಡುಗೆಮನೆ ಕಾಲೇಜಿನ ಹತ್ತಿರ ಇದ್ದರೆ ಮಾತ್ರ 350ರ ಲೆಕ್ಕ ಅಷ್ಟಿಷ್ಟು ಕೂಡಿಬರುತ್ತಿತ್ತು. ಅಲ್ಲಿ ಸಾಲಿನಲ್ಲಿ ನಿಂತವನ ಜಾತಿಯನ್ನು ಯಾರೂ ಕೇಳುವುದಿಲ್ಲ, ಮನೆಯಾಕೆಯ ಮುಖವನ್ನೂ ನೋಡಬೇಕಾಗಿಲ್ಲ. ವಾರಾನ್ನದ ಕಾಲದಿಂದ ನಾವು ಇಷ್ಟು ದೂರ ಬಂದಿದ್ದೇವೆ ಎಂಬುದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕು.

ಹೆಣ್ಣುಮಕ್ಕಳ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲಿದೆ. ಬೇಗಂ ರುಖಿಯಾ 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಬಾಲಕಿಯರೊಂದಿಗೆ ಶಾಲೆ ತೆರೆದಾಗ, ಮಕ್ಕಳನ್ನು ಪರದೆ ಕಟ್ಟಿದ ಗಾಡಿಯಲ್ಲಿ ಕರೆತರುವುದೇ ಅವರಿಗೆ ದೊಡ್ಡ ತಲೆನೋವಾಗಿತ್ತು. ವಾರಾನ್ನವಾಗಲಿ ದರ್ಸಾಗಲಿ ಹೆಣ್ಣುಮಕ್ಕಳಿಗೆ ಇರಲಿಲ್ಲ. ಅವರ ಓದು ದಾರಿಯ ಖರ್ಚಿನಲ್ಲೇ ನಿಂತುಹೋಗುತ್ತಿತ್ತು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾದಾಗ ಅದನ್ನು ಗೇಲಿ ಮಾಡಿದವರು, ತಾಲೂಕು ಕೇಂದ್ರದ ಕಾಲೇಜಿಗೆ ದಿನವೂ ಹೋಗಿಬರುವ ಹುಡುಗಿಯ ವಾರದ ಲೆಕ್ಕವನ್ನು ಒಮ್ಮೆ ಕೇಳಬೇಕಿತ್ತು.

ಇನ್ನೊಂದು ಕಡೆ ಬಾಗಿಲುಗಳು ಮುಚ್ಚಿಕೊಂಡದ್ದೂ ಇದೆ. ಮುಸ್ಲಿಮರ ಶೈಕ್ಷಣಿಕ ಸ್ಥಿತಿಯನ್ನು 2006ರಲ್ಲಿ ಸಾಚಾರ್ ಸಮಿತಿ ದೇಶದ ಮುಂದಿಟ್ಟ ಮೇಲೆ ಅಲ್ಪಸಂಖ್ಯಾತರಿಗೆ ಕೇಂದ್ರದ ವಿದ್ಯಾರ್ಥಿವೇತನಗಳು ಬಂದವು. ಸಂಶೋಧನಾ ವಿದ್ಯಾರ್ಥಿಗಳಿಗೆ 2009ರಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಬಂತು. 2022ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿರುವುದಾಗಿ ಸರಕಾರ ಸಂಸತ್ತಿನಲ್ಲಿ ತಿಳಿಸಿತು. ಒಂದರಿಂದ ಎಂಟನೆಯ ತರಗತಿಯ ಮಕ್ಕಳ ವಿದ್ಯಾರ್ಥಿವೇತನವೂ ಅದೇ ವರ್ಷ ನಿಂತಿತು. ಇರುವ ವೇತನಗಳ ಹಣವೂ ಎಷ್ಟೋ ಸಲ ವರ್ಷ ಮುಗಿಯುವಾಗ ಖಾತೆಗೆ ಬೀಳುತ್ತದೆ. ಮಾರ್ಚಿನಲ್ಲಿ ಬಂದ ಹಣ ಆಗಸ್ಟಿನ ಹಸಿವನ್ನು ನೀಗಿಸುವುದಿಲ್ಲ. ತಡವಾಗಿ ಬಂದ ಹಕ್ಕು ಮತ್ತೆ ದಯೆಯ ರೂಪವನ್ನೇ ತಾಳುತ್ತದೆ. ವಿದ್ಯಾರ್ಥಿ ಅಷ್ಟರಲ್ಲಿ ಸಾಲ ಮಾಡಿರುತ್ತಾನೆ, ಇಲ್ಲವೇ ರಾತ್ರಿ ಪಾಳಿಯ ಕೆಲಸ ಹಿಡಿದು ತರಗತಿಯಲ್ಲಿ ತೂಕಡಿಸುತ್ತಿರುತ್ತಾನೆ, ಇಲ್ಲವೇ ಊರಿಗೆ ಮರಳಿರುತ್ತಾನೆ.

ಸರಕಾರವನ್ನು ಪ್ರಶ್ನಿಸುವ ಕೆಲಸ ನಡೆಯಲೇಬೇಕು. ಆದರೆ ನಮ್ಮ ಮನೆಯೊಳಗೂ ಒಂದು ಮಾತು ಆಡಬೇಕಾಗಿದೆ. ನಮ್ಮಲ್ಲಿ ಝಕಾತ್ ಹೆಚ್ಚಾಗಿ ರಮಝಾನಿನಲ್ಲಿ ಹಂಚಿಹೋಗುತ್ತದೆ. ನೂರು ಇನ್ನೂರು ರೂಪಾಯಿಯ ನೋಟುಗಳಾಗಿ ಬಾಗಿಲಿಗೆ ಬಂದವರ ಕೈಸೇರುತ್ತದೆ. ಹಬ್ಬ ಕಳೆದ ಮೇಲೆ ಉಳಿದ ಹನ್ನೊಂದು ತಿಂಗಳು? ವಿದ್ಯಾರ್ಥಿಯ ಹಸಿವು ವರ್ಷಕ್ಕೊಮ್ಮೆ ಬರುವುದಲ್ಲ, ವಾರ ವಾರ ಬರುವುದು. ಬಡವನೆಂಬ ನೆಲೆಯಲ್ಲಿ ಝಕಾತಿಗೆ ಅರ್ಹನಾದ ವಿದ್ಯಾರ್ಥಿ ಪ್ರತಿ ಜಮಾಅತಿನಲ್ಲೂ ಇದ್ದಾನೆ. ರಮಝಾನಿನಲ್ಲಿ ಸಂಗ್ರಹವಾದದ್ದರಲ್ಲಿ ಅವನ ಪಾಲನ್ನು ತೆಗೆದಿರಿಸಿ, ಪ್ರತಿ ತಿಂಗಳ ಮೊದಲ ದಿನ ಸದ್ದಿಲ್ಲದೆ ಅವನ ಖಾತೆಗೆ ಹಾಕುವುದು ಕಷ್ಟದ ಕೆಲಸವೇ? ವೇದಿಕೆಗೆ ಕರೆದು, ಶಾಲು ಹೊದಿಸಿ, ಚೆಕ್ ಹಿಡಿಸಿ ಫೋಟೋ ತೆಗೆಸುವ ಅಗತ್ಯವೂ ಇಲ್ಲ. ಮುಸ್ತನ್ಸಿರಿಯ್ಯದ ವಿದ್ಯಾರ್ಥಿಗೆ ಎಂಟು ಶತಮಾನಗಳ ಹಿಂದೆ ಸಿಕ್ಕಿದ ಆ ಗೌರವವನ್ನು ನಮ್ಮ ಊರಿನ ಬಿ.ಎಸ್ಸಿ. ವಿದ್ಯಾರ್ಥಿನಿಗೆ ನಾವು ಕೊಡಲಾರೆವೇ? ಪಟ್ಟಣದ ಮಸೀದಿಗಳ ವಕ್ಫ್ ಮಳಿಗೆಗಳ ಮೇಲಿನ ಮಹಡಿಯಲ್ಲಿ ನಾಲ್ಕು ಕೋಣೆ ಕಟ್ಟಿಸಿ, ಒಂದು ಅಡುಗೆಮನೆ ನಡೆಸಲಾರೆವೇ? ಕಟ್ಟಿಸಿದರೆ ಅದರ ಬಾಗಿಲು ನಮ್ಮವರಿಗೆ ಮಾತ್ರವಲ್ಲ, ನೆರೆಯ ದಲಿತ ವಿದ್ಯಾರ್ಥಿಗೂ ತೆರೆದಿರಲಿ. ಮುಚ್ಚಿದ ಬಾಗಿಲು ಏನೆಂಬುದನ್ನು ಬಲ್ಲವರು ನಾವು.

ಬಸ್ಸಿನಲ್ಲಿ ಕುಳಿತ ಆ ವಿದ್ಯಾರ್ಥಿ ನೋಟುಗಳನ್ನು ಎಣಿಸಿ ಮುಗಿಸಿದ್ದಾನೆ. ಸೋಮವಾರದಿಂದ ಶುಕ್ರವಾರದವರೆಗೆ ಲೆಕ್ಕ ಕೂಡಿಬಂದಿದೆ, ಎರಡು ದಿನ ಉಳಿದಿವೆ. ಅವನಿಗೆ ಮಿತವ್ಯಯವನ್ನು ಕಲಿಸುವ ಮುನ್ನ ಆ ಎರಡು ದಿನಗಳ ಲೆಕ್ಕವನ್ನು ನಾವು ಒಪ್ಪಿಸಬೇಕಾಗಿದೆ.